ಕೈಚೀಲದೊಳಗೆ ಲೋಕಾರ್ಪಣೆ

ಪಾಮರ್ಸ್ಟನ್ ನಾರ್ತಿನ ಸಮಸ್ತ ಕಾವ್ಯರಸಿಕರೇ, ವಿಮರ್ಶಕ ಶಿಖಾಮಣಿಗಳೇ, ಫ್ಲ್ಯಾಟ್‌ಮೇಟ್‌ಗಳೆಂಬ ಆಸ್ಥಾನ ವಿದ್ವಾಂಸರೇ,

ಇಂದು ಮಧ್ಯಾಹ್ನ ನಮ್ಮೂರಿನ ಪುಟ್ಟ ಪುಸ್ತಕದಂಗಡಿಯಲ್ಲಿ ನನ್ನ ಚೊಚ್ಚಲ ಕವನ ಸಂಕಲನ ಲೋಕಾರ್ಪಣೆಗೊಂಡಿತು. ಅಂದರೆ, ಗೊಳ್ಳಬೇಕಿತ್ತು. ಅಂಗಡಿಯ ಒಡತಿ ಹೆಲೆನ್ ಅವರೇ ಮುಖ್ಯ ಅತಿಥಿ. ನಮ್ಮ ಪದ್ಧತಿಯಂತೆ ಪುಸ್ತಕವನ್ನು ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ, ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದೆವು. ಅವರು ರಿಬ್ಬನ್ ಬಿಚ್ಚಿ ಪುಸ್ತಕವನ್ನು ಎದೆಯೆತ್ತರಕ್ಕೆ ಹಿಡಿಯಬೇಕು, ನಾವು ಫೋಟೊ ತೆಗೆಯಬೇಕು. ಇಷ್ಟನ್ನು ಅವರಿಗೆ ಹೇಳಲು ಎಲ್ಲರೂ ಮರೆತಿದ್ದೆವು.

ಹೆಲೆನ್ ಕಣ್ಣರಳಿಸಿ ಇಂಗ್ಲಿಷಿನಲ್ಲಿ, “ನಿನ್ನ ಪುಸ್ತಕ, ನನಗೇ? ಮನೆಗೆ ಹೋಗಿ ನಿಧಾನವಾಗಿ ಬಿಚ್ಚುತ್ತೇನೆ. ನಾಳೆ ಬೆಳಿಗ್ಗೆ ಅಂಗಡಿಯ ಕಿಟಕಿಯಲ್ಲೇ ಇಡುತ್ತೇನೆ” ಎಂದವರೇ ಅದನ್ನು ಕೈಚೀಲಕ್ಕೆ ಇಳಿಸಿಬಿಟ್ಟರು. ಇದ್ದದ್ದು ಅದೊಂದೇ ಪ್ರತಿ.

ನಿರೂಪಣೆ ಮಾಡುತ್ತಿದ್ದ ಹುಬ್ಬಳ್ಳಿಯ ಶಬಾನಾ ಆಂಟಿ ನನ್ನ ಕಿವಿಯಲ್ಲಿ, “ಹೋಗಿ ಇಸ್ಕೊಂಡು ಬಾರಪಾ. ಫೋಟೊ ಬ್ಯಾಡೇನು?” ಎಂದರು.

“ಕೊಟ್ಟಿದ್ದನ್ನ ವಾಪಸ್ ಹೆಂಗ್ ಕೇಳ್ಲಿ ಆಂಟಿ?”

“ಹಂಗಾದ್ರ ಆ ಬ್ಯಾಗಿನ ಬಾಜೂಕ ನಿಂತು ಫೋಟೊ ತೆಗಿಸ್ಕೊ.”

ನಿಂತೆ. ಕನ್ನಡ ಕಾವ್ಯಲೋಕದ ಭರವಸೆಯ ದನಿ, ಒಂದು ಚರ್ಮದ ಕೈಚೀಲದ ಪಕ್ಕದಲ್ಲಿ, ಹಲ್ಲು ಕಿರಿಯುತ್ತ. ಸಭೆ ಚಪ್ಪಾಳೆ ತಟ್ಟಿತು.

ಮನೆಗೆ ಬಂದಾಗಿನಿಂದ ಊಟ ಸೇರುತ್ತಿಲ್ಲ. ಫೋಟೊ ಕೆಟ್ಟಿತೆಂಬ ದುಃಖಕ್ಕಲ್ಲ. ಆ ಪೊಟ್ಟಣದಲ್ಲಿ ಮುಖಪುಟವಷ್ಟೇ ನನ್ನದು, ಒಳಗಿರುವುದು ಹಸುಗಳ ಜೀರ್ಣಕ್ರಿಯೆಯ ಪಠ್ಯಪುಸ್ತಕ. ಕವನಗಳನ್ನು ನಾನಿನ್ನೂ ಬರೆದಿಲ್ಲ.