ಸಾಲು ನಾಟಿಯ ಪಾಠ

ನೀಲಾವತಿ ಸೋಮಾರಿ. ಬೆಳ್ತಂಗಡಿ ಬ್ಲಾಕಿಗೆ ಗ್ರಾಮಸೇವಿಕೆಯಾಗಿ ಬಂದಂದಿನಿಂದ ತನ್ನದಲ್ಲದ ಕೆಲಸಕ್ಕೆ ಕಿರುಬೆರಳನ್ನೂ ತಾಗಿಸಿದವಳಲ್ಲ. ತನ್ನ ಕೆಲಸವನ್ನೂ ಅಳೆದೇ ಮಾಡುವವಳು. ಹೊಗೆಯಿಲ್ಲದ ಒಲೆ, ಕಸೂತಿ, ಮಕ್ಕಳ ಆರೈಕೆ ಅವಳ ಪಾಲು. ಬೇಸಾಯದ ಮಾತೆಲ್ಲ ಗ್ರಾಮಸೇವಕ ನಿತ್ಯಾನಂದನದು. ಹೆಂಗಸರು ಗದ್ದೆಯ ಬಗ್ಗೆ ಕೇಳಿದರೆ "ಅವರನ್ನು ಕೇಳಿ" ಎಂದು ಕೊಡೆ ಬಿಡಿಸಿ ಹೊರಡುವಳು. ನಡೆದು ನಡೆದು ಕಾಲು ಸೋತಿತ್ತು, ಹೇಳಿ ಹೇಳಿ ನಾಲಿಗೆಯೂ ಸೋತಿತ್ತು.

೧೯೬೧ರ ಮಳೆಗಾಲ. ನೆರಿಯ ಗ್ರಾಮದಲ್ಲಿ ಕಸೂತಿ ತರಗತಿಗೆ ಒಬ್ಬಳೂ ಬರಲಿಲ್ಲ. ಹುಡುಕಿಕೊಂಡು ಹೋದರೆ ತರಗತಿಗೆ ಬರುತ್ತಿದ್ದ ಸುಂದರಿ ತನ್ನ ಗದ್ದೆಯಂಚಿನಲ್ಲಿ ಕುಳಿತಿದ್ದಳು. ನಾಟಿಗೆಂದು ಕಿತ್ತ ನೇಜಿಯ, ಎಳೆಯ ಭತ್ತದ ಸಸಿಯ, ಕಟ್ಟುಗಳು ಕೆಸರಿನಲ್ಲಿದ್ದವು. ಘಟ್ಟದ ಕಾಫಿ ತೋಟಕ್ಕೆ ಹೋದ ಗಂಡ ಮರಳಿರಲಿಲ್ಲ. ಗದ್ದೆ ಗೇಣಿಯದು. ಹೋದ ವರ್ಷದಂತೆ ಪೈರು ಬಡಕಲಾದರೆ ಧನಿಗಳು ಗದ್ದೆ ಬಿಡಿಸುತ್ತಾರೆ. ಸರಕಾರದ ಗೊಬ್ಬರವೋ, ಹಗ್ಗ ಹಿಡಿದು ಸಾಲಾಗಿ ನೆಟ್ಟವರಿಗೆ ಮಾತ್ರ.

"ಸಾಲು ನೆಡುವುದು ಹೇಗೆ ಟೀಚರೇ? ಈ ನೇಜಿ ನಾಳೆಗೆ ಉಳಿಯುವುದಿಲ್ಲ."

"ನಿತ್ಯಾನಂದರು ಹೇಳಿಕೊಟ್ಟಿದ್ದಾರಲ್ಲ?"

ಪಕ್ಕದ ಗದ್ದೆಯಲ್ಲಿ ನೆಡುತ್ತಿದ್ದ ಮುದುಕಿ ಕಾಂತಿ ಸೊಂಟ ನೆಟ್ಟಗೆ ಮಾಡಿದಳು. "ಹೇಳಿದ್ದಾರೆ, ಧನಿಗಳ ಜಗಲಿಯಲ್ಲಿ, ಗಂಡಸರಿಗೆ! ನಮ್ಮ ಗಂಡಸರು ಎಂದಾದರೂ ನೇಜಿ ನೆಟ್ಟದ್ದುಂಟಾ? ಹೋಗಿ ಬಂದವರು ಅಲ್ಲಿ ಕೊಟ್ಟ ಅವಲಕ್ಕಿ ಹೇಗಿತ್ತೆಂದು ಹೇಳಿದರು, ಅಷ್ಟೇ."

ನೀಲಾವತಿ ಧನಿಗಳ ಮನೆಯ ಏರು ಹತ್ತಿದಳು. ನಿತ್ಯಾನಂದ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ. ಅವಳು ಸಾಲು ನಾಟಿಯ ಮಾತೆತ್ತಿದಳು.

"ಈ ಹೆಂಗಸರಿಗೆ ಹೇಳಿ ಪ್ರಯೋಜನ ಇಲ್ಲ ಟೀಚರೇ. ಬಂದಾಗಿನಿಂದ ಹೇಳ್ತಾ ಇದ್ದೇನೆ."

"ಯಾರಿಗೆ?"

"ಅವರ ಗಂಡಂದಿರಿಗೆ."

"ಸುಂದರಿಯ ಗಂಡ ಊರಲ್ಲಿಲ್ಲ. ಬಂದು ಅವಳಿಗೇ ತೋರಿಸಿ."

"ನಾನಾ? ಸೀರೆ ಎತ್ತಿ ಕಟ್ಟಿದ ಹೆಂಗಸರ ನಡುವೆ?" ಜಗಲಿಯಲ್ಲಿದ್ದ ಗಂಡಸರು ನಕ್ಕರು. "ಅವಳ ಅಣ್ಣನೋ ಮಾವನೋ ಬರಲಿ, ಹೇಳ್ತೇನೆ."

"ಹಾಗಾದರೆ ನನಗೆ ಹೇಳಿ."

"ನಿಮಗೆ ಯಾಕೆ? ಅದು ನಿಮ್ಮ ಕೆಲಸ ಅಲ್ಲವಲ್ಲ?"

"ಅಲ್ಲ."

ಅವನು ಒಲ್ಲದ ಮನಸ್ಸಿನಿಂದ ಹೇಳಿದ. ನಿಂತುಕೊಂಡೇ ಕೇಳಿದಳು. ಬಳಿಕ ಮೂಲೆಯಲ್ಲಿದ್ದ ಗಂಟುಗಂಟಿನ ಹಗ್ಗವನ್ನು ಹೆಗಲಿಗೇರಿಸಿ ಇಳಿದು ಬಂದಳು.

ಒಂದು ತುದಿಯನ್ನು ಸುಂದರಿಯ ಕೈಗಿತ್ತು, ಇನ್ನೊಂದನ್ನು ಹಿಡಿದು ಕೆಸರಿಗಿಳಿದಳು. ಗಂಟಿದ್ದಲ್ಲಿ ಬಗ್ಗಿ ಮೊದಲ ಬುಡ ಊರಿದಳು.

"ಅಷ್ಟು ಆಳ ಬೇಡ," ಕಾಂತಿ ಕೂಗಿದಳು. "ಅದು ನೇಜಿ ಟೀಚರೇ, ಬೇಲಿಯ ಗೂಟ ಅಲ್ಲ!"

ನೀಲಾವತಿ ಅದನ್ನು ಕಿತ್ತು, ಆಳಕ್ಕಿಳಿಸದೆ ಮೇಲುಮೇಲಕ್ಕೆ ಇನ್ನೊಮ್ಮೆ ಊರಿದಳು.