ಗೆಳತಿ ಒಬ್ಬಳೇ, ವಾಕ್ಯದಲ್ಲಿ ಹಲವರು

ಇಂದು ದೆಹಲಿ ಪಕ್ಕದ ಇಂದಿರಾಪುರಂನ ಅಂಗಡಿಯೊಂದರಲ್ಲಿ ಏರ್ ಕೂಲರ್‌ನ ಒದ್ದೆ ಹುಲ್ಲಿನ ತಟ್ಟಿಯ ವಾಸನೆ ಮೂಗಿಗೆ ಬಡಿಯಿತು. ಮರುಕ್ಷಣವೇ ನಾನು ಬಾಲ್ಯದಲ್ಲಿದ್ದ ದೆಹಲಿಯ ಲಕ್ಷ್ಮೀ ನಗರದ ನಮ್ಮ ಹಳೆಯ ಬಾಡಿಗೆ ಕೋಣೆಯಲ್ಲಿದ್ದೆ.

ಅಪ್ಪನಿಗೆ ಆಗಷ್ಟೇ ದೆಹಲಿಗೆ ವರ್ಗವಾಗಿತ್ತು. ನನ್ನ ಶಾಲೆಯ ಇಂಟರ್‌ವ್ಯೂಗೆಂದು ಅವರು ದಿನವೂ ಬಾಗಿಲಿಗೆ ಚಿಲಕ ಹಾಕಿ, ಪೆನ್ನಿನ ಮುಚ್ಚಳದಿಂದ ಮೇಜು ಕುಟ್ಟುತ್ತಾ ಇಂಗ್ಲಿಷ್ ಹೇಳಿಸುತ್ತಿದ್ದರು. ಕೆಳಗೆ ಗಲ್ಲಿಯಲ್ಲಿ ಪಿಂಕಿ "ನೀಚೇ ಆ ಜಾ!" ಎಂದು ಹಿಂದಿಯಲ್ಲಿ ಕೆಳಗೆ ಆಟಕ್ಕೆ ಬರಲು ಕೂಗುತ್ತಿದ್ದಳು.

"ಒನ್ ಆಫ್ ಮೈ ಫ್ರೆಂಡ್ ಈಸ್ ಪಿಂಕಿ," ಎಂದೆ.

"ಫ್ರೆಂಡ್ ಅಲ್ಲ, ಫ್ರೆಂಡ್ಸ್! ಎಷ್ಟು ಸಲ ಹೇಳ್ಬೇಕು? ತುಂಬಾ ಜನರಲ್ಲಿ ಒಬ್ಬಳು ಅಂತ ಅರ್ಥ."

"ತುಂಬಾ ಜನ ಇಲ್ವಲ್ಲಪ್ಪಾ. ನಂಗಿರೋದು ಪಿಂಕಿ ಒಬ್ಳೇ."

ಮೇಜು ಕುಟ್ಟುವುದು ನಿಂತಿತು.

"ನಂಗಿಲ್ಲಿ ಆ ಒಬ್ರೂ ಇಲ್ಲ ಕಣಮ್ಮಾ," ಎಂದರು ಅಪ್ಪ ಮೆಲ್ಲಗೆ. "ಆದ್ರೂ ಶಾಲೆಯವರ ಮುಂದೆ ಹಾಗೇ ಹೇಳ್ಬೇಕು. ಹೇಳು."

ಅವರು ಹೇಳಿದಂತೆಯೇ ಹೇಳಿ ಮುಗಿಸಿದೆ. ಚಿಲಕ ತೆಗೆದು ಕೆಳಗೋಡಿದಾಗ ಗಲ್ಲಿಯಲ್ಲಿ ಯಾರೂ ಇರಲಿಲ್ಲ.

ಅಪ್ಪ ಈಗ ನಿವೃತ್ತರು, ನಮ್ಮೊಂದಿಗೇ ಇದ್ದಾರೆ. ಸಂಜೆಯಾದರೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿನ ಬೆಂಚಿನಲ್ಲಿ ಒಬ್ಬರೇ ಕೂರುತ್ತಾರೆ. ಇವತ್ತು ನಾನೂ ಅಲ್ಲಿಗೆ ಹೋದೆ.

"ಏನಮ್ಮಾ, ಕೆಲಸ ಇಲ್ವಾ?" ಎಂದವರು, ನನ್ನ ಉತ್ತರಕ್ಕೆ ಕಾಯದೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.