ಜಕ್ಕಪ್ಪನ ರವಿವಾರದ ಹಿಂಡು

ಜಕ್ಕಪ್ಪನ ಜೊತೆ ಅಡವಿಗೆ ಹೋದ ಮಗು ಏನು ಮೂಸಿ, ಏನು ನೆಕ್ಕಿ ಬರುತ್ತದೋ ಎಂದು ಜುಗೂಳದ ತಾಯಂದಿರು ಸದಾ ಹೌಹಾರುತ್ತಾರೆ. ಕುರಿ ಮಾರಿದ ಈ ಮುದುಕನಿಗೆ ರವಿವಾರ ಊರ ಮಕ್ಕಳೇ ಹಿಂಡು. ಮುಂಗಾರಿನ ಮಿರಗದ ಮಳೆಗೆ ಕೆಂಪು ಹುಳ ಅವರ ಅಂಗೈ ಮೇಲೆ ಹರಿಯಬೇಕು. ಚಳಿಗಾಲದಲ್ಲಿ ನರಿಯ ಹಿಕ್ಕೆ ಪುಡಿಮಾಡಿ, "ಮೂಸ್ರಲೇ, ಬಾರಿಹಣ್ಣು ತಿಂದೈತಿ" ಎನ್ನುತ್ತಾನೆ. ಮಗಳು ಮಾಯಾಳ ಕೊರಳಲ್ಲಿ ಕುರಿಯ ಗಂಟೆ ಕಂಡು ಕಸ್ತೂರೆವ್ವ ಕಿಡಿಯಾದಳು: "ನನ್ನ ಮಗಳು ಕುರಿ ಏನ್ರಿ, ಕಾಕಾ?" "ಕಬ್ಬು ಆಳುದ್ದ ಬೆಳದೈತಿ ತಂಗಿ. ಒಳಗ ಹೊಕ್ಕ ಹುಡುಗರು ಎಲ್ಲಿ ಅದಾವಂತ ತಿಳೀಬೇಕಲ್ಲ?" ಎಂದ ಜಕ್ಕಪ್ಪ. ಅವಳು ಗಂಟೆಯ ದಾರ ಸರಿಮಾಡಿ ಮಗಳನ್ನು ಕಳಿಸಿದಳು. ಬೇಸಿಗೆಗೆ ಕಬ್ಬು ಕಡಿದು ಹೊಲ ಬಯಲಾಯಿತು. ಗಂಟೆ ಮಾತ್ರ ಮಕ್ಕಳ ಕೊರಳಲ್ಲೇ ಉಳಿಯಿತು. ಒಂದು ದಿನ ಬುತ್ತಿ ತಂದ ಕಸ್ತೂರೆವ್ವ ಬದುವಿನಲ್ಲೇ ನಿಂತುಬಿಟ್ಟಳು. ನೆಲದ ಮೇಲಿನ ಟಿಟ್ಟಿಭ ಹಕ್ಕಿಯ ತತ್ತಿ ನೋಡುತ್ತ ಮಾಯಾ ಅಲುಗಾಡದೆ, ಗಂಟೆಯ ಸದ್ದಿಲ್ಲದೆ ಕೂತಿದ್ದಾಳೆ, ಅವಳಿಂದ ಮಾರು ದೂರದಲ್ಲೇ ಜಕ್ಕಪ್ಪ ಬಯಲಿಗೆ ಮುಖಮಾಡಿ, "ಮಾಯಾ, ಎಲ್ಲಿ ಹೋದಿ ಬೇ?" ಎಂದು ಕೂಗುತ್ತಿದ್ದಾನೆ. ಕಣ್ಣು ಕಾಣದವನ ಕೈಗೆ ವರ್ಷವಿಡೀ ಮಗಳನ್ನು ಒಪ್ಪಿಸಿದ್ದೆನೇ! ಚೀರಲು ಬಾಯಿ ತೆರೆಯುವಷ್ಟರಲ್ಲಿ ಮಾಯಾ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದು ಓಡಿಬಂದು ಅವಳ ಬಾಯಿ ಮುಚ್ಚಿದಳು. "ಸುಮ್ಮನಿರ ಬೇ ಅವ್ವಾ," ಎಂದು ಪಿಸುಗುಟ್ಟಿದಳು, "ನಮಗ ಗೊತ್ತೈತಿ ಅಂತ ಅಜ್ಜಾಗ ಗೊತ್ತಿಲ್ಲ."